ಇಎಸ್‌ಎಕ್ಸ್‌ಐ 6.7 ಇಂದ 8ಕ್ಕ ಹೋಗಬೇಕಾಗೈತಿ, ಮೊದಲ ಏನೇನ ನೋಡ್ಕೋಬೇಕ್ರಿ? (ಸಕ್ಕರಿ ಫ್ಯಾಕ್ಟರಿ, 3 ಹೋಸ್ಟ್)

ಘಟಪ್ರಭಾ_ಸಿಸ್ಟಂ (ಮುಧೋಳ ಕಡೆ, ಬಾಗಲಕೋಟೆ ಜಿಲ್ಲಾ)

ನಮಸ್ಕಾರ್ರಿ ಎಲ್ಲಾರಿಗೂ. ಮುಧೋಳ ಕಡೆ ಒಂದು ಸಕ್ಕರಿ ಫ್ಯಾಕ್ಟರಿಯೊಳಗ ಐಟಿ ನೋಡ್ಕೋತೀನಿ, ಇರೋದು ನಾವು ಇಬ್ಬರ. ಹಂಗಾಮ ಮುಗದೈತಿ, ಮಿಲ್ ಬಿಚ್ಚಿ ಓವರಾಲಿಂಗ್ ಶುರು ಮಾಡ್ಯಾರ, ಮತ್ತ ಕಬ್ಬು ಬರೋದು ಅಕ್ಟೋಬರ್ ನವೆಂಬರ್‌ಗೆ. ಅಷ್ಟರೊಳಗ ಸರ್ವರ್ ಕೆಲಸ ಮುಗಸಬೇಕು ಅಂತ ಮ್ಯಾನೇಜ್ಮೆಂಟ್‌ನವ್ರು ಹೇಳ್ಯಾರ, ಎಷ್ಟ ದಿನ ಬೇಕು ಅಂದ್ರ "ಎರಡು ದಿನ ಸಾಕಲ್ಲಾ" ಅಂತಾರ.

ನಮ್ಮಲ್ಲೆ ಇರೋದು ಹಿಂಗ ಐತಿ: ಮೂರು ಹೋಸ್ಟ್ (ಸರ್ವರ್), ಎಲ್ಲಾ ಇಎಸ್‌ಎಕ್ಸ್‌ಐ 6.7, ಅಂದ್ರ ಒಂದ ಸರ್ವರ್‌ನಾಗ ಭಾಳ ವರ್ಚುವಲ್ ಮಷೀನ್ (ವಿಎಂ) ನಡಸೋ ವಿಎಂವೇರ್ ಸಾಫ್ಟ್‌ವೇರ್. ಎರಡ್ರಾಗ ಎರಡೆರಡು ಕ್ಸಿಯಾನ್ ಇ5-2630 ವಿ3 ಅದಾವು, ಮೂರನೇದು ಹಳೇದು, ಅದ್ರಾಗ ಇ5-2620, ವಿ ಗಿವಿ ಏನೂ ಇಲ್ಲ ಮೊದಲನೇ ಮಾಡೆಲ್. ಹೊಸಾವು ಎರಡೂ ಎಸ್‌ಡಿ ಕಾರ್ಡ್ ಮ್ಯಾಲಿಂದ ಬೂಟ್ ಆಗತಾವು. ಸ್ಟೋರೇಜ್ ಎಸ್‌ಎಎಸ್ ಕೇಬಲ್‌ನಿಂದ ನೇರ ಹಚ್ಚಿದ್ದು. ಎಲ್ಲಾ ಹೋಸ್ಟ್ ಒಂದ ಕಡೆಯಿಂದ ನೋಡ್ಕೊಳ್ಳಾಕ ವಿಸೆಂಟರ್ 6.7 ಅಪ್ಲೈಯನ್ಸ್ (ರೆಡಿ ಮಾಡಿ ಕೊಡೋ ವಿಎಂ). ಒಟ್ಟ 22 ವಿಎಂ, ಕಾಟಾ (ಕಬ್ಬಿನ ಗಾಡಿ ತೂಗೋದು) ಸಾಫ್ಟ್‌ವೇರ್, ಕಬ್ಬಿನ ಬಿಲ್, ಪಗಾರ, ಎರಡು ಡೊಮೈನ್ ಕಂಟ್ರೋಲರ್ (ಎಲ್ಲಾರ ಲಾಗಿನ್ ನೋಡೋವು), ಫೈಲ್ ಸರ್ವರ್, ಲ್ಯಾಬ್‌ನಾಗಿನ ಸಕ್ಕರಿ ರಿಕವರಿ ಲೆಕ್ಕದ್ದು ಒಂದು, ಉಳದಾವು ಸಣ್ಣ ಪುಟ್ಟಾವು. ಬ್ಯಾಕಪ್ ದಿನಾ ರಾತ್ರಿ ಎನ್‌ಎಎಸ್‌ಗೆ (ನೆಟ್‌ವರ್ಕ್ ಮ್ಯಾಲಿನ ಡಿಸ್ಕ್ ಡಬ್ಬಿ) ಹೋಗತೈತಿ.

ಯಾಕ ಇಷ್ಟ ಅವಸರ ಅಂದ್ರ, ಜನವರಿಯೊಳಗ ಒಂದ ದಿನ ರಾತ್ರಿ ಹತ್ತೂವರಿಗೆ ಒಂದು ಹೋಸ್ಟ್ ನೇರಳೆ ಸ್ಕ್ರೀನ್ (ಇಎಸ್‌ಎಕ್ಸ್‌ಐ ಕ್ರ್ಯಾಶ್) ಬಂದು ನಿಂತ್ತು, ಕಾಟಾ ವಿಎಂ ಅದರ ಮ್ಯಾಲ ಇತ್ತು, ಮತ್ತೊಂದು ಹೋಸ್ಟ್ ಮ್ಯಾಲ ಎದ್ದ ಬರಬೇಕಿತ್ತು, ಬರಲಿಲ್ಲ. ನಲವತ್ತ ನಿಮಿಷ ಕಾಟಾ ಬಂದ್. ಗೇಟಿನಿಂದ ರೋಡಿನ ತನಕ ಟ್ರ್ಯಾಕ್ಟರ್ ಸಾಲು ನಿಂತಿತ್ರಿ, ಚಳಿಯಾಗ ರೈತರು ಟ್ರೇಲಿ ಕೆಳಗ ಬೆಂಕಿ ಹಾಕ್ಕೊಂಡು ಕುಂತಿದ್ರು, ಒಬ್ಬ ಅಜ್ಜಾರು ನನ್ನ ಕಡೆ ಬಂದು "ತಮ್ಮಾ, ಕಬ್ಬು ಒಣಗಿದ್ರ ತೂಕ ಕಮ್ಮಿ ಆಗೋದು ನಂದು" ಅಂದ್ರು. ಆ ಮಾತು ಇನ್ನೂ ಕಿವಿಯಾಗ ಐತಿ. ಅದಕ್ಕ ಈ ಸಲ ಸರಿಯಾಗಿ ಮಾಡಬೇಕು ಅಂತ ಕೇಳಾಕತ್ತೀನಿ. 6.7ರ ಸಪೋರ್ಟ್ 2022ರ ಅಕ್ಟೋಬರ್ 15ಕ್ಕ ಮುಗದೈತಿ ಅಂತ ಆಡಿಟರ್‌ನೂ ಬರದಾರ.

8ಕ್ಕ ನೇರ ಹೋಗಬಹುದಾ, ಏನೇನು ಬದಲಾಗತೈತಿ, ಯಾವುದು ಮೊದಲ ಮಾಡಬೇಕು, ಗೊತ್ತಿದ್ದವ್ರು ಹೇಳ್ರಿ.

ಕುಂದಾನಗರಿ_ಅಡ್ಮಿನ್ (ಬೆಳಗಾವಿ)

ಸರ್, ನೇರ ಹೋಗಬಹುದು, 6.7ರಿಂದ 8ಕ್ಕ ದಾರಿ ಐತಿ, 6.5 ಇದ್ದಿದ್ರ ನಡುವ 7ಕ್ಕ ನಿಂತು ಹೋಗಬೇಕಾಗ್ತಿತ್ತು. ಆದ್ರ ದಾರಿ ಇರೋದು ಬ್ಯಾರೆ, ನಿಮ್ಮ ಮಷೀನು ಆ ದಾರಿ ಹಿಡಿತಾವೋ ಇಲ್ಲೋ ಅನ್ನೋದು ಬ್ಯಾರೆ. ಅಪ್‌ಗ್ರೇಡ್ ಬಟನ್ ಒತ್ತೋದು ಕಟ್ಟಕಡೀ ಕೆಲಸ, ಅದಕ್ಕಿಂತ ಮೊದಲ ಹಳೇದ್ರಾಗ ಇದ್ದು ಹೊಸಾದ್ರಾಗ ಇಲ್ಲದ್ದು ಏನೇನು ಅನ್ನೋದು ಒಂದು ಹಾಳಿ ಮ್ಯಾಲ ಬರಕೋರಿ.

ನಿಮ್ಮ ಮೂರನೇ ಹೋಸ್ಟ್ ವಿಷಯ ಮೊದಲ ಹೇಳ್ತೀನಿ. ಇ5-2620 ಅಂದ್ರ ಸ್ಯಾಂಡಿ ಬ್ರಿಜ್ ಪೀಳಿಗಿ ಸಿಪಿಯು, ಅದನ್ನ 8ರೊಳಗ ತಗದ ಬಿಟ್ಟಾರ. ಇನ್ಸ್ಟಾಲರ್ ಅಲ್ಲೇ ನಿಂತು ಸಿಪಿಯು ಸಪೋರ್ಟ್ ಇಲ್ಲ ಅಂತ ಎರರ್ ಕೊಡತೈತಿ. ಬೂಟ್ ಆಗೋವಾಗ ಒಂದು ಆಪ್ಷನ್ ಟೈಪ್ ಮಾಡಿ ದಾಟಸಬಹುದು ಅಂತ ನೆಟ್‌ನಾಗ ಬರದಿರ್ತಾರ, ಮನ್ಯಾಗ ಕಲಿಯಾಕ ಮಾಡ್ರಿ, ಕಾಟಾ ನಡಸೋ ಮಷೀನಿಗೆ ದಯವಿಟ್ಟು ಬ್ಯಾಡ. ಅಂದ್ರ ನಿಮಗ ಉಳಿಯೋದು ಎರಡ ಹೋಸ್ಟ್. ಈಗ ಕುಂತು ಲೆಕ್ಕ ಮಾಡ್ರಿ, 22 ವಿಎಂನ ರ್‍ಯಾಮ್ ಎಲ್ಲಾ ಕೂಡಿಸಿದ್ರ ಒಂದ ಹೋಸ್ಟ್‌ನಾಗ ಹಿಡಸ್ತಾವಾ? ಹಿಡಸದಿದ್ರ ಅಪ್‌ಗ್ರೇಡ್ ಮಾಡೋ ದಿನ ಒಂದನ್ನ ಖಾಲಿ ಮಾಡಾಕ ಬರಂಗಿಲ್ಲ, ಹಂಗಾಮದಾಗ ಒಂದು ಬಿದ್ರ ಇನ್ನೊಂದು ಎತ್ತಂಗೂ ಇಲ್ಲ. ಜನವರಿಯೊಳಗ ಕಾಟಾ ವಿಎಂ ಯಾಕ ಎದ್ದ ಬರಲಿಲ್ಲ ಅನ್ನೋದನ್ನೂ ಇದ್ರ ಜೋಡಿನ ಹುಡುಕ್ರಿ, ಜಾಗ ಇರಲಿಲ್ಲೋ ಏನೋ ನೋಡ್ರಿ. ಅದನ್ನ ಬಿಟ್ಟು ವರ್ಷನ್ ಒಂದ ಬದಲಿ ಮಾಡಿದ್ರ ಮುಂದಿನ ಹಂಗಾಮಕ್ಕ ಅದ ರಾತ್ರಿ ಮತ್ತ ಬರತೈತಿ.

ಎಸ್‌ಡಿ ಕಾರ್ಡ್. 7ರಿಂದ ಬೂಟ್ ಡಿಸ್ಕಿನ ಪಾರ್ಟಿಷನ್ ಹಂಚಿಕೆ ಎಲ್ಲಾ ಬದಲಾಗೈತಿ, ಲಾಗು, ಟೂಲ್ಸ್ ಫೈಲು, ಉಳದ ಸಿಸ್ಟಂ ಡೇಟಾ ಎಲ್ಲಾ ಒಂದ ಕಡೆ ಕೂಡಿಸಿ ಅಲ್ಲೆ ಮ್ಯಾಲಿಂದ ಮ್ಯಾಲ ಬರೀತೈತಿ. ಎಸ್‌ಡಿ ಕಾರ್ಡ್ ಅಷ್ಟು ಬರಿಯಾಕ ಮಾಡಿದ್ದಲ್ಲ, ಕೆಲವು ತಿಂಗಳಾಗ ಸವದ ಹೋಗತಾವು, ಹೋಸ್ಟ್ ನಡದಿರತೈತಿ ಆದ್ರ ಹುಕುಂ ಕೇಳಂಗಿಲ್ಲ, ಕಡೀಕ ರೀಬೂಟ್ ಮಾಡಿದ್ರ ಏಳಂಗಿಲ್ಲ. ಎರಡೂ ಹೋಸ್ಟಿಗೆ ಎರಡೆರಡು ಸಣ್ಣ ಎಸ್‌ಎಸ್‌ಡಿ ತರಸಿ ರೇಡ್ ಕಾರ್ಡಿನಾಗ ಮಿರರ್ ಮಾಡಿ (ಎರಡರ ಮ್ಯಾಲೂ ಅದ ಡೇಟಾ) ಅದ್ರ ಮ್ಯಾಲ ಹೊಸದಾಗಿ ಹಾಕ್ರಿ. ಕಮ್ಮಿ ಅಂದ್ರ 32 ಜಿಬಿ ಬೇಕು, 128 ಇದ್ರ ಚಲೋ. ಹಳೇ ಎಸ್‌ಡಿ ಕಾರ್ಡ್ ತಗದು ಹೆಸರ ಬರದು ಕವರ್‌ನಾಗ ಇಡ್ರಿ, ಒಂದು ವ್ಯಾಳೆ ಹಿಂದಕ್ಕ ಬರಬೇಕಾದ್ರ ಅದ ನಿಮ್ಮ ದಾರಿ. ಯಾಕಂದ್ರ ಇದ್ದದ್ರ ಮ್ಯಾಲ ಅಪ್‌ಗ್ರೇಡ್ ಮಾಡಿದ್ರ ಪಾರ್ಟಿಷನ್ ಹೊಸಾ ನಮೂನಿಗೆ ಹೋಗಿರತೈತಿ, ಮುಂಚೆ ಬೂಟ್ ಆಗೋವಾಗ ಶಿಫ್ಟ್ ಆರ್ ಒತ್ತಿ ಹಳೇ ವರ್ಷನ್‌ಗೆ ಬರ್ತಿದ್ವಲ್ಲ, 6.7ಕ್ಕ ಹಂಗ ಬರಾಕ ಆಗಂಗಿಲ್ಲ.

ಮತ್ತೊಂದು, ಹೊಸದಾಗಿ ಇನ್ಸ್ಟಾಲ್ ಮಾಡೋ ಮುಂದ ಸ್ಟೋರೇಜಿನ ಎಸ್‌ಎಎಸ್ ಕೇಬಲ್ ಎರಡೂ ಬಿಚ್ಚಿ ಇಡ್ರಿ. ನಿಮ್ದು ನೇರ ಹಚ್ಚಿದ ಸ್ಟೋರೇಜ್, ಯಾವ ಡಿಸ್ಕ್ ಮ್ಯಾಲ ಹಾಕಲಿ ಅಂತ ಇನ್ಸ್ಟಾಲರ್ ಕೇಳೋ ಪಟ್ಟಿಯೊಳಗ ನಿಮ್ಮ ಡೇಟಾಸ್ಟೋರ್‌ನೂ (ವಿಎಂ ಫೈಲ್ ಇರೋ ಜಾಗ) ಕಾಣತೈತಿ, ರಾತ್ರಿ ನಿದ್ದಿಗಣ್ಣಾಗ ಒಂದು ಸಾಲು ಕೆಳಗ ಎಂಟರ್ ಬಿತ್ತಂದ್ರ 22 ವಿಎಂನೂ ಹೋದ್ವು.

ಇನ್ನ ಡ್ರೈವರ್. ಇದು ನಾನು ಅನುಭವಿಸಿದ್ದು. ಉದ್ಯಮಬಾಗ್‌ನಾಗ ಒಂದು ಫೌಂಡ್ರಿಯೊಳಗ ಕೆಲಸ ಮಾಡ್ತಿದ್ನಿ, ಅಲ್ಲೆ ಹೋಸ್ಟ್‌ನಾಗ ಪೋರ್ಟ್ ಸಾಲಲಿಲ್ಲ ಅಂತ ಯಾವಾಗೋ ಒಂದು ರಿಯಲ್‌ಟೆಕ್ ಕಾರ್ಡ್ ಹಾಕಿದ್ರು, ಅದಕ್ಕ ಹೊರಗಿಂದ ತಂದ ಡ್ರೈವರ್. 6.7ರಾಗ ಮೂರು ವರ್ಷ ಮಾತಿಲ್ಲದ ನಡೀತು. 7 ಹಾಕಿದ್ವಿ, ಹೋಸ್ಟ್ ಎದ್ದಿತು, ಎಲ್ಲಾ ಹಸಿರು, ಆ ಕಾರ್ಡ್ ಮಾತ್ರ ಪಟ್ಟಿಯೊಳಗ ಇಲ್ಲ. 7ರಾಗ ಹಳೇ ಲಿನಕ್ಸ್ ನಮೂನಿ ಡ್ರೈವರ್ ನಡಸೋ ಪದರನ್ನ ಪೂರ್ತಿ ಕಿತ್ತ ಹಾಕ್ಯಾರ, ಇಎಸ್‌ಎಕ್ಸ್‌ಐಗಂತನ ಮಾಡಿದ ನೇಟಿವ್ ಡ್ರೈವರ್ ಇದ್ರ ಉಂಟು, ಇಲ್ಲಾಂದ್ರ ಆ ಕಾರ್ಡ್ ಇದ್ದೂ ಇಲ್ಲ. ಆ ಪೋರ್ಟ್ ಮ್ಯಾಲ ಸ್ಪೆಕ್ಟ್ರೋ ಮಷೀನಿನ (ಲೋಹದಾಗ ಏನೇನು ಎಷ್ಟೆಷ್ಟು ಐತಿ ಅಂತ ನೋಡೋದು) ಲೈನ್ ಇತ್ತು. ಭಟ್ಟಿಯೊಳಗ ಲೋಹ ಕರಗಿ ರೆಡಿ ಐತಿ, ಸ್ಯಾಂಪಲ್ ಬಿಲ್ಲೆ ಒತ್ತಿ ರಿಪೋರ್ಟ್ ಬಂದ ಮ್ಯಾಲ ಸುರೀಬೇಕು, ರಿಪೋರ್ಟ್ ಬರವಲ್ದು, ಭಟ್ಟಿ ಮುಂದ ನಿಂತ ಮಂದಿ ಫೋನ್ ಮ್ಯಾಲ ಫೋನ್. ಬೇರೆ ಪೋರ್ಟಿಗೆ ಲೈನ್ ಬದಲಿ ಮಾಡೋತನಕ ಕರೆಂಟ್ ಸುಟಗೋತ ಹಿಡಕೊಂಡು ನಿಂತ್ರು. ಅದಕ್ಕ ಹೇಳಾಕತ್ತೀನಿ, ಮೂರೂ ಹೋಸ್ಟ್‌ನಾಗ ಇರೋ ಪ್ರತಿ ನೆಟ್‌ವರ್ಕ್ ಕಾರ್ಡ್, ಪ್ರತಿ ಎಸ್‌ಎಎಸ್ ಕಾರ್ಡಿನ ಡಿವೈಸ್ ಐಡಿ ತಗೊಂಡು ವಿಎಂವೇರ್ ಕಂಪ್ಯಾಟಿಬಿಲಿಟಿ ಗೈಡ್‌ನಾಗ 8ಕ್ಕ ಐತೋ ಇಲ್ಲೋ ನೋಡ್ರಿ. ಹೆಸರು ನೋಡಿ ನಂಬಬ್ಯಾಡ್ರಿ, ಐಡಿ ನೋಡ್ರಿ, ಒಂದ ಹೆಸರಿನ ಕಾರ್ಡಿಗೆ ನಾಕು ಐಡಿ ಇರತಾವು.

ಗುಮ್ಮಟನಗರಿ (ವಿಜಯಪುರ)

ಮ್ಯಾಲಿನವ್ರು ಹಾರ್ಡ್‌ವೇರ್ ಎಲ್ಲಾ ಚಲೋ ಹೇಳ್ಯಾರ, ನಾನು ವಿಸೆಂಟರ್ ಬಗ್ಗೆ ಬರೀತೀನಿ. ನಾವು ಇಲ್ಲೆ ಒಂದು ಆಸ್ಪತ್ರಿಯೊಳಗ ಮಾಡೀವಿ.

ವಿಸೆಂಟರ್ ಮೊದಲ, ಹೋಸ್ಟ್ ಆಮ್ಯಾಲ, ಅದಾದ ಮ್ಯಾಲ ವಿಎಂವೇರ್ ಟೂಲ್ಸ್ (ವಿಎಂ ಒಳಗ ಹಾಕೋ ಡ್ರೈವರ್ ಗಂಟು), ಕಟ್ಟಕಡೀಕ ವಿಎಂ ಹಾರ್ಡ್‌ವೇರ್ ವರ್ಷನ್ (ವಿಎಂಗೆ ಕಾಣೋ ಹಾರ್ಡ್‌ವೇರಿನ ನಮೂನಿ). ಈ ಸಾಲು ತಪ್ಪಸಬ್ಯಾಡ್ರಿ. ಬ್ಯಾಕಪ್ ಸಾಫ್ಟ್‌ವೇರ್ ಮಾತ್ರ ವಿಸೆಂಟರಿಗಿಂತನೂ ಮೊದಲ, ಅದು 8ನ್ನ ಗುರ್ತ ಹಿಡಿಯೋ ವರ್ಷನ್ ಆಗಿರಬೇಕು, ಇಲ್ಲಾಂದ್ರ ಅಪ್‌ಗ್ರೇಡ್ ಆದ ರಾತ್ರಿನ ಬ್ಯಾಕಪ್ ಫೇಲ್, ಯಾವ ದಿನ ಬ್ಯಾಕಪ್ ಭಾಳ ಬೇಕೋ ಅದ ದಿನ ಇರಂಗಿಲ್ಲ.

ವಿಸೆಂಟರ್ ಅಪ್‌ಗ್ರೇಡ್ ಅಂದ್ರ ಇದ್ದದ್ದನ್ನ ತಿದ್ದೋದಲ್ಲ. ಹೊಸಾ ಅಪ್ಲೈಯನ್ಸ್ ಒಂದು ಪಕ್ಕದಾಗ ಏಳತೈತಿ, ಅದಕ್ಕ ತಾತ್ಪೂರ್ತಿಕ ಒಂದು ಐಪಿ ಕೊಡಬೇಕು, ಹಳೇದ್ರಿಂದ ಡೇಟಾ ಎಳಕೊಂಡು ಹಳೇದನ್ನ ಆಫ್ ಮಾಡಿ ಅದರ ಹೆಸರು ಐಪಿ ತಾನ ತಗೋತೈತಿ. ಹಿಂಗಾಗಿ ಎರಡಕ್ಕೂ ಸಾಕಾಗೋವಷ್ಟು ಜಾಗ ಡೇಟಾಸ್ಟೋರ್‌ನಾಗ ಮೊದಲ ಖಾಲಿ ಇರಬೇಕು. ನಮ್ಮಲ್ಲೆ ನಿಂತಿದ್ದು ಎರಡು ಕಡೆ. ಒಂದು, 6.7 ಅಪ್ಲೈಯನ್ಸ್‌ನಾಗ ರೂಟ್ ಪಾಸ್‌ವರ್ಡ್ 90 ದಿನಕ್ಕ ಮುಗೀತೈತಿ, ವೆಬ್ ಕ್ಲೈಂಟಿಗೆ ದಿನಾ ಬೇರೆ ಅಕೌಂಟ್‌ನಿಂದ ಹೋಗೋವ್ರಿಗೆ ಅದು ಗೊತ್ತ ಆಗಂಗಿಲ್ಲ, ಅಪ್‌ಗ್ರೇಡ್ ಮುಂದ ಕೇಳಿದಾಗ ಗೊತ್ತಾಗೋದು. ಎರಡು, ಡಿಎನ್‌ಎಸ್‌ನಾಗ ಹೆಸರಿನಿಂದ ಐಪಿ ಸಿಗ್ತಿತ್ತು, ಐಪಿಯಿಂದ ಹೆಸರು ಸಿಗ್ತಿರಲಿಲ್ಲ, ರಿವರ್ಸ್ ಜೋನ್ ಯಾರೂ ಮಾಡಿರಲಿಲ್ಲ. ಇದೊಂದಕ್ಕ ಮೂರು ತಾಸು ಹೋತು. ನಿಮ್ಮ ಡೊಮೈನ್ ಕಂಟ್ರೋಲರ್ ಎರಡೂ ಅದ ಕ್ಲಸ್ಟರಿನ (ಒಟ್ಟಿಗೆ ಕೂಡಿಸಿದ ಹೋಸ್ಟ್) ವಿಎಂ, ಅವು ಎದ್ದು ನಿಂತಿರಬೇಕು, ಎಲ್ಲಾ ಹೋಸ್ಟಿನ ಟೈಮ್ ಒಂದ ಇರಬೇಕು. ಸರ್ಟಿಫಿಕೇಟಿನ ತಾರೀಖ್ ಮುಗದೈತೇನು ಅದನ್ನೂ ಒಮ್ಮೆ ನೋಡ್ರಿ. ನಿಮ್ದು ಡಿಸ್ಟ್ರಿಬ್ಯೂಟೆಡ್ ಸ್ವಿಚ್ (ಎಲ್ಲಾ ಹೋಸ್ಟಿಗೂ ಕೂಡಿ ಒಂದ ವರ್ಚುವಲ್ ಸ್ವಿಚ್) ಇದ್ರ ಒಂದು ಎಫಿಮರಲ್ ಪೋರ್ಟ್ ಗ್ರೂಪ್ (ವಿಸೆಂಟರ್ ಇಲ್ಲದನೂ ವಿಎಂ ಹಚ್ಚಾಕ ಬರೋದು) ಮೊದಲ ಮಾಡಿ ಇಡ್ರಿ, ಹೊಸಾ ವಿಸೆಂಟರನ್ನ ನೇರ ಹೋಸ್ಟ್ ಮ್ಯಾಲ ಎಬ್ಬಸೋವಾಗ ಅದು ಬೇಕಾಗತೈತಿ.

ಈಗ ಎಲ್ಲಾಕ್ಕಿಂತ ಮುಖ್ಯ ಮಾತು. ಹಳೇ ವಿಸೆಂಟರ್ ಅಳಸಬ್ಯಾಡ್ರಿ. ಆಫ್ ಆಗಿ ಬಿದ್ದಿರಲಿ. ಹೊಸಾದು ಕೈ ಕೊಟ್ರ ಅದನ್ನ ಆಫ್ ಮಾಡಿ ಹಳೇದನ್ನ ಆನ್ ಮಾಡಿದ್ರ ಮುಗೀತು. ಆದ್ರ ಈ ಸೌಲಭ್ಯ ಹೋಸ್ಟಿಗೆ 8 ಹಾಕೋತನಕ ಮಾತ್ರ, ಯಾಕಂದ್ರ 6.7 ವಿಸೆಂಟರ್ 8ರ ಹೋಸ್ಟನ್ನ ಹಿಡಿಯಂಗಿಲ್ಲ. ಆದ್ರ 8ರ ವಿಸೆಂಟರ್ 6.7 ಹೋಸ್ಟನ್ನೂ ನಡಸತೈತಿ. ಅದಕ್ಕ ವಿಸೆಂಟರ್ ಮುಗದ ಮ್ಯಾಲ ಒಂದು ವಾರ ಹೋಸ್ಟ್ ಮುಟ್ಟಬ್ಯಾಡ್ರಿ. ವಾರದಾಗ ಬ್ಯಾಕಪ್, ಲಾಗಿನ್, ವಿಮೋಷನ್ (ಆನ್ ಇರೋ ವಿಎಂ ಇನ್ನೊಂದು ಹೋಸ್ಟಿಗೆ ಸಾಗಿಸೋದು) ಎಲ್ಲಾ ನಡಸಿ ನೋಡ್ರಿ. ಎರಡು ದಿನದಾಗ ಮುಗಸು ಅಂದವ್ರಿಗೆ ಇದನ್ನ ಹೇಳಿ ಒಪ್ಪಸ್ರಿ, ಆ ವಾರ ಅಂದ್ರ ಹಿಂದಕ್ಕ ಬರೋ ದಾರಿ ತೆರದ ಇಟ್ಟಂಗ. ನಿಮಗ ಅಕ್ಟೋಬರ್ ತನಕ ಟೈಮ್ ಐತಿ, ನಮಗ ಆಸ್ಪತ್ರಿಯೊಳಗ ಭಾನುವಾರ ಮಧ್ಯಾಹ್ನ ಬಿಟ್ರ ಇರಲಿಲ್ಲ.

ಕ್ಲಸ್ಟರ್‌ನಾಗ ವಿಸಿಎಲ್‌ಎಸ್ ಅಂತ ಸಣ್ಣ ಸಣ್ಣ ವಿಎಂ ತಾವ ಹುಟ್ಟಿದ್ರ ಗಾಬರಿ ಆಗಬ್ಯಾಡ್ರಿ, 7ರ ಒಂದನೇ ಅಪ್ಡೇಟಿನಿಂದ ಬಂದಾವು, ಕ್ಲಸ್ಟರ್ ತನ್ನ ಕೆಲಸಕ್ಕ ಇಟ್ಟಕೊಂಡಿದ್ದು. ನಮ್ಮಲ್ಲೆ ಒಬ್ಬರು ವೈರಸ್ ಅಂತ ತಿಳದು ಅಳಸಾಕ ಕುಂತಿದ್ರು.

ವಿಎಂ ಹಾರ್ಡ್‌ವೇರ್ ವರ್ಷನ್ ಏರಿಸಿದ್ರ ಇಳಸಾಕ ಬರಂಗಿಲ್ಲ. 6.7ರಾಗ 14 ಇರತೈತಿ, 8ಕ್ಕ 20. ಹೊಸಾ ಸೌಲಭ್ಯ ಏನೂ ಬ್ಯಾಡಾಂದ್ರ ಕಾಟಾ ವಿಎಂದು ಇದ್ದಂಗ ಬಿಡ್ರಿ, 14ನ್ನೂ 8 ನಡಸತೈತಿ.

ಘಟಪ್ರಭಾ_ಸಿಸ್ಟಂ

ಅಣ್ಣಾರ, ಇಬ್ಬರಿಗೂ ಭಾಳ ಭಾಳ ಧನ್ಯವಾದ. ರ್‍ಯಾಮ್ ಲೆಕ್ಕ ಮಾಡಿದ್ನಿ, ಒಂದ ಹೋಸ್ಟ್‌ನಾಗ 22 ಹಿಡಸಂಗಿಲ್ಲ, ಐದು ವಿಎಂ ಹೊರಗ ಉಳಿತಾವು. ಜನವರಿಯೊಳಗ ಆಗಿದ್ದು ಅದ ಅಂತ ಈಗ ಲಾಗ್ ನೋಡಿ ಗೊತ್ತಾತು, ಎದ್ದ ಬರಾಕ ಜಾಗ ಇರಲಿಲ್ಲ, ಟೆಸ್ಟಿಂಗಿಗೆ ಅಂತ ಮಾಡಿದ ಎರಡು ದೊಡ್ಡ ವಿಎಂ ಸುಮ್ಮನ ನಡದಿದ್ದವು. ಅವನ್ನ ಇವತ್ತ ಬಂದ್ ಮಾಡಿದ್ನಿ.

ಲೈಸೆನ್ಸ್ ಬಗ್ಗೆ ಕೇಳಬೇಕಿತ್ತು. ನಮ್ದು ಹಳೇ ಪರ್ಮನೆಂಟ್ ಲೈಸೆನ್ಸ್, ಸಪೋರ್ಟ್ ರಿನ್ಯೂ ಮಾಡಿ ಯಾವ ಕಾಲ ಆತೋ. ಅದ ಕೀ 8ಕ್ಕ ನಡೀತೈತೇನ್ರಿ?

ಅಥಣಿ_ನೆಟ್ (ಬೆಳಗಾವಿ ಜಿಲ್ಲಾ)

ನಡಿಯಂಗಿಲ್ಲ ಸರ್. ಕೀ ಮೇಜರ್ ವರ್ಷನಿಗೆ ಕಟ್ಟಿರತೈತಿ. ಕೀ ಇಲ್ಲದ ಹಾಕಿದ್ರ 60 ದಿನ ಎಲ್ಲಾ ಸೌಲಭ್ಯ ಸಮೇತ ನಡೀತೈತಿ, 61ನೇ ದಿನ ಹೋಸ್ಟ್ ವಿಸೆಂಟರಿಂದ ಕಡಕೋತೈತಿ, ಆಫ್ ಆದ ವಿಎಂ ಮತ್ತ ಆನ್ ಆಗಂಗಿಲ್ಲ. ಮೊದಲ ಆಗಿದ್ರ ಸಪೋರ್ಟ್ ಕಟ್ಟಿ ಕೀ ಬದಲಿ ಮಾಡ್ಕೋತಿದ್ವಿ. 2023ರ ನವೆಂಬರ್ 22ಕ್ಕ ಬ್ರಾಡ್‌ಕಾಮ್ ವಿಎಂವೇರನ್ನ ತಗೊಂಡ ಮ್ಯಾಲ ಡಿಸೆಂಬರ್‌ನಾಗ ಪರ್ಮನೆಂಟ್ ಲೈಸೆನ್ಸ್ ಮಾರೋದ ಬಂದ್ ಮಾಡ್ಯಾರ, ಈಗ ವರ್ಷದ ಸಬ್‌ಸ್ಕ್ರಿಪ್ಷನ್, ಅದೂ ಕೋರ್ ಲೆಕ್ಕ. ಒಂದು ಸಿಪಿಯುಗೆ ಕಮ್ಮಿ ಅಂದ್ರ 16 ಕೋರ್ ಹಿಡೀತಾರ. ನಿಮ್ಮ 2630 ವಿ3ಯೊಳಗ ಇರೋದು 8 ಕೋರ್. ಎರಡು ಹೋಸ್ಟ್, ನಾಕು ಸಿಪಿಯು, ಖರೇ ಇರೋದು 32 ಕೋರ್, ರೊಕ್ಕ ಕಟ್ಟೋದು 64ಕ್ಕ.

ಪ್ಯಾಚ್ ಇಳಸಾಕನೂ 2025ರ ಏಪ್ರಿಲ್‌ನಿಂದ ಅಕೌಂಟಿಗೆ ಕೊಟ್ಟ ಟೋಕನ್ ಬೇಕು, ಮೊದಲಿನಂಗ ವಿಸೆಂಟರ್ ತಾನ ಹೋಗಿ ತರಂಗಿಲ್ಲ.

ನಂದೊಂದು ವಿಚಾರ, ತಪ್ಪ ತಿಳ್ಕೋಬ್ಯಾಡ್ರಿ. ಅಷ್ಟು ರೊಕ್ಕ ಕಟ್ಟಿ ಹಾಕಿದ್ರೂ 8ರ ಸಪೋರ್ಟ್ 2027ರ ಅಕ್ಟೋಬರ್ 11ರ ತನಕ. ಅದಾದ ಮ್ಯಾಲ 9, ಅದು 2025ರ ಜೂನ್‌ನಾಗ ಬಂದೈತಿ, ನಿಮ್ಮ ಹ್ಯಾಸ್‌ವೆಲ್ (2630 ವಿ3) ಸಿಪಿಯುಗೆ 9 ಬರಂಗಿಲ್ಲ. ವಿಎಂವೇರ್ ಬದಲಿಗೆ ವಿಎಂ ನಡಸೋ ಪ್ರಾಕ್ಸ್‌ಮಾಕ್ಸ್ ಯಾಕ ನೋಡಬಾರದು? 8.2ರಿಂದ ಇಎಸ್‌ಎಕ್ಸ್‌ಐ ಹೋಸ್ಟನ್ನ ನೇರ ಹಚ್ಚಿ ವಿಎಂ ಎಳಕೊಳ್ಳೋ ಇಂಪೋರ್ಟ್ ವಿಝಾರ್ಡ್ ಐತಿ. ನಾವು ಒಂದು ಕಾಲೇಜಿನಾಗ 14 ವಿಎಂ ಹಂಗ ತಂದೀವಿ. ವಿಂಡೋಸ್ ವಿಎಂಗೆ ವರ್ಟಿಐಓ (ಅಲ್ಲಿನ ವರ್ಚುವಲ್ ಡಿಸ್ಕಿನ) ಡ್ರೈವರ್ ಮೊದಲ ಒಳಗ ಹಾಕಬೇಕು, ಇಲ್ಲಾಂದ್ರ ಬೂಟ್ ಡಿಸ್ಕ್ ಕಾಣಂಗಿಲ್ಲ, ನೀಲಿ ಸ್ಕ್ರೀನ್ ಬರತೈತಿ.

ಕುಂದಾನಗರಿ_ಅಡ್ಮಿನ್

ಅಥಣಿ ಸರ್ ಹೇಳಿದ ಲೆಕ್ಕ ಖರೆ, 64 ಕೋರ್ ವಿಷಯ ನಾನು ಬರೀಬೇಕಿತ್ತು. ಆದ್ರ ಪ್ರಾಕ್ಸ್‌ಮಾಕ್ಸ್ ಬಗ್ಗೆ ನಂದು ಬ್ಯಾರೆ ಅಭಿಪ್ರಾಯ. ಕಾಲೇಜು ಬ್ಯಾರೆ, ಕಾಟಾ ಬ್ಯಾರೆ. ನೇರ ಹಚ್ಚಿದ ಎಸ್‌ಎಎಸ್ ಸ್ಟೋರೇಜನ್ನ ಎರಡು ಹೋಸ್ಟ್ ಹಂಚಿಕೊಳ್ಳೋದು ವಿಎಂಎಫ್‌ಎಸ್‌ನಾಗ (ವಿಎಂವೇರ್ ಫೈಲ್ ಸಿಸ್ಟಂ) ಇದ್ದಷ್ಟು ಸಸಾರ ಅಲ್ಲಿಲ್ಲ, ಎಲ್‌ವಿಎಂ (ಲಿನಕ್ಸಿನ ಡಿಸ್ಕ್ ಹಂಚಿಕೆ) ಮ್ಯಾಲ ಹಂಚಿಕೊಂಡ್ರ ಸ್ನ್ಯಾಪ್‌ಶಾಟ್ ವಿಷಯದಾಗ ತೊಡಕು ಐತಿ. ಇಬ್ಬರ ಇರೋ ಟೀಮ್ ಹೊಸಾ ಪ್ಲಾಟ್‌ಫಾರ್ಮ್ ಕಲತು, ಸಾಗಿಸಿ, ಮೊದಲ ಹಂಗಾಮ ದಾಟಸೋದು ಹಗರ ಅಲ್ಲ.

ನನ್ನ ಸಲಹೆ, ಮ್ಯಾನೇಜ್ಮೆಂಟಿಗೆ ಎರಡೂ ಲೆಕ್ಕ ಬರದು ಕೊಡ್ರಿ. ಒಂದರಾಗ ಹಳೇ ಎರಡು ಹೋಸ್ಟಿಗೆ 64 ಕೋರ್ ಲೈಸೆನ್ಸ್. ಇನ್ನೊಂದರಾಗ ಒಂದ ಸಿಪಿಯು 16 ಕೋರಿನ ಹೊಸಾ ಸರ್ವರ್ ಎರಡು, ಕಟ್ಟೋದು 32 ಕೋರಿಗೆ, ಮುಂದ 9ಕ್ಕೂ ಹೋಗತಾವು, ಎಸ್‌ಡಿ ಕಾರ್ಡಿನ ತ್ರಾಸೂ ಇಲ್ಲ. ಲೈಸೆನ್ಸ್‌ನಾಗ ಉಳಿಯೋ ರೊಕ್ಕ ಸರ್ವರಿಗೆ ಹೋಗಲಿ. ಇದನ್ನ ನೋಡಿದ ಮ್ಯಾಲ ಅವ್ರ ಎರಡು ದಿನ ಅನ್ನೋದು ಬಿಡ್ತಾರ ಅಂತ ನಂಗ ಅನಸ್ತೈತಿ. ಏನ ಮಾಡಿದ್ರೂ 6.7ರ ಮ್ಯಾಲ ಇನ್ನೊಂದು ಹಂಗಾಮ ಬ್ಯಾಡ. 2023ರ ಫೆಬ್ರವರಿಯೊಳಗ ಇಎಸ್‌ಎಕ್ಸ್‌ಐಆರ್ಗ್ಸ್ ರ್‍ಯಾನ್‌ಸಮ್‌ವೇರ್ ಹೊಕ್ಕಿದ್ದು ಎರಡು ವರ್ಷ ಮೊದಲ ಪ್ಯಾಚ್ ಬಂದಿದ್ದ ತೂತಿನಿಂದ, ಪ್ಯಾಚ್ ಹಾಕದ ಇದ್ದವ್ರ ಮಷೀನಿಗೆ. ಅಲ್ಲಿತನಕ ಎಸ್‌ಎಲ್‌ಪಿ ಸರ್ವೀಸ್ (ಆ ತೂತು ಇದ್ದದ್ದು ಇದ್ರಾಗ) ಬಂದ್ ಮಾಡ್ರಿ, ಮ್ಯಾನೇಜ್ಮೆಂಟ್ ನೆಟ್‌ವರ್ಕ್ ಇಂಟರ್ನೆಟ್‌ಗೆ ಕಾಣದಂಗ ಇಡ್ರಿ.

ಮತ್ತ, ಹಂಗಾಮ ಇಲ್ಲದಾಗ ನಿಮ್ಮದ ಕೋ-ಜನ್ (ಕಬ್ಬಿನ ಸಿಪ್ಪಿ ಸುಟ್ಟು ಮಾಡೋ) ಕರೆಂಟ್ ಇರಂಗಿಲ್ಲ, ಹೊರಗಿನ ಲೈನ್ ಮ್ಯಾಲ ಇರ್ತೀರಿ, ಏಪ್ರಿಲ್ ಮೇನಾಗ ಗಾಳಿ ಮಳಿ. ಯುಪಿಎಸ್ ಬ್ಯಾಟರಿ ಲೋಡ್ ಹಾಕಿ ಎಷ್ಟ ನಿಮಿಷ ನಿಲ್ತಾವು ನೋಡಿ ಆಮ್ಯಾಲ ಕೈ ಹಚ್ಚರಿ.

ಇನ್ನೊಂದು ಮಾತು ಕೇಳ್ತೀನಿ, ಕಾಟಾ ಸಾಫ್ಟ್‌ವೇರಿಗೆ ಯುಎಸ್‌ಬಿ ಡಾಂಗಲ್ (ಲೈಸೆನ್ಸ್ ಇರೋ ಪೆನ್‌ಡ್ರೈವ್ ನಮೂನಿದು) ಐತೇನು? ಇದ್ರ ಅದು ಯಾವ ಹೋಸ್ಟಿನ ಹಿಂದ ಹಚ್ಚೈತಿ?

ಘಟಪ್ರಭಾ_ಸಿಸ್ಟಂ

ಈಗ ಟಾರ್ಚ್ ಹಿಡಕೊಂಡು ರ್‍ಯಾಕ್ ಹಿಂದ ಹೋಗಿ ನೋಡಿ ಬಂದ್ನಿ. ಹಸಿರು ಡಾಂಗಲ್, ಮ್ಯಾಲ ಟೇಪ್ ಸುತ್ತಿ "ಮುಟ್ಟಬಾರದು" ಅಂತ ಯಾರೋ ಪೆನ್ನಿಂದ ಬರದಾರ. ಹಚ್ಚಿರೋದು ಮೂರನೇ ಹೋಸ್ಟಿಗೆ, ತಗೀಬೇಕಾದ ಹಳೇದಕ್ಕ. ವಿಎಂ ಮಾತ್ರ ಒಂದನೇ ಹೋಸ್ಟ್ ಮ್ಯಾಲ ನಡದೈತಿ. ಜನವರಿಯೊಳಗ ಅದು ಆಫ್ ಆಗಿ ಬೇರೆ ಹೋಸ್ಟ್ ಮ್ಯಾಲ ಎದ್ದಿದ್ರೂ ಡಾಂಗಲ್ ಸಿಗ್ತಿತ್ತೋ ಇಲ್ಲೋ ಈಗ ಅನುಮಾನ ಬರಾಕತ್ತೈತಿ.

ಕುಂದಾನಗರಿ_ಅಡ್ಮಿನ್

ಹಂಗಾರ ನಿಮ್ಮ ಮೊದಲನೇ ಕೆಲಸ ವಿಸೆಂಟರ್ ಅಲ್ಲ, ಆ ಡಾಂಗಲ್. ಇಎಸ್‌ಎಕ್ಸ್‌ಐ ಪಾಸ್‌ಥ್ರೂದಾಗ (ಹೋಸ್ಟಿನ ಯುಎಸ್‌ಬಿ ನೇರ ವಿಎಂಗೆ ಕೊಡೋದು) ಡಾಂಗಲ್ ಹೋಸ್ಟಿಗೆ ಕಟ್ಟಿರತೈತಿ, ಆನ್ ಇರೋ ವಿಎಂ ವಿಮೋಷನ್‌ನಿಂದ ಆಕಡೆ ಹೋದ್ರ ಸಂಬಂಧ ಉಳಿತೈತಿ, ಒಮ್ಮೆ ಆಫ್ ಆತಂದ್ರ ಕಡದ ಹೋಗತೈತಿ, ಮತ್ತ ಡಾಂಗಲ್ ಇದ್ದ ಹೋಸ್ಟಿಗೆ ತಂದು ಆನ್ ಮಾಡಬೇಕು. ನೆಟ್‌ವರ್ಕ್ ಮ್ಯಾಲ ನಡಸೋ ಯುಎಸ್‌ಬಿ ಡಿವೈಸ್ ಸರ್ವರ್ ಸಿಗತಾವು, ಸಣ್ಣ ಡಬ್ಬಿ, ಡಾಂಗಲ್ ಅದಕ್ಕ ಹಚ್ಚಿದ್ರ ವಿಎಂ ಯಾವ ಹೋಸ್ಟ್ ಮ್ಯಾಲ ಇದ್ರೂ ಸಿಗತೈತಿ. ಕಾಟಾ ಸಾಫ್ಟ್‌ವೇರ್ ಕಂಪನಿಯವ್ರನ್ನ ಕೇಳ್ರಿ, ಒಪ್ಪಿದ್ರ ಅದನ್ನ ತರಸ್ರಿ. ಬದಲಿ ಮಾಡೋ ದಿನ ಹಗಲಿನ್ಯಾಗ, ಕಾಟಾ ಆಪರೇಟರನ್ನ ಪಕ್ಕದಾಗ ಕುಂದ್ರಿಸಿಕೊಂಡು, ಖಾಲಿ ಟ್ರ್ಯಾಕ್ಟರ್ ಒಂದನ್ನ ಕಾಟಾ ಮ್ಯಾಲ ಹತ್ತಿಸಿ ಚೀಟಿ ಪ್ರಿಂಟ್ ಆಗೋ ತನಕ ನೋಡ್ರಿ, ಆಮ್ಯಾಲ ವಿಎಂ ಆಫ್ ಮಾಡಿ ಇನ್ನೊಂದು ಹೋಸ್ಟ್ ಮ್ಯಾಲ ಎಬ್ಬಿಸಿ ಅದ ಟ್ರ್ಯಾಕ್ಟರ್ ಮತ್ತೊಮ್ಮೆ ತೂಗ್ರಿ.

ಘಟಪ್ರಭಾ_ಸಿಸ್ಟಂ

ಆತ್ರಿ ಸರ್. ಸೋಮವಾರ ಕಂಪನಿಯವ್ರಿಗೆ ಫೋನ್ ಮಾಡ್ತೀನಿ. ಚೀಟಿ ಬಂದ ಮ್ಯಾಲ ಇಲ್ಲೇ ಬರೀತೀನಿ.